ನೀರು ನಿಂತದ್ದು ಯಾವ ಜಾಯಿಂಟಿನಲ್ಲಿ?

ಸಕಲೇಶಪುರದ ಹತ್ತಿರ ಇರುವ ನಮ್ಮ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಒರತೆಯಿಂದ. ಮೋಟಾರಿಲ್ಲ. ಕಪ್ಪು ಪೈಪು ಕಾಡು, ತೋಟ ದಾಟಿ ಇಳಿದು ಬರುತ್ತದೆ. ಮಳೆಗಾಲದಲ್ಲಿ ಎಲೆ, ಕೆಸರು ಸಿಕ್ಕಿಕೊಂಡು ನೀರು ನಿಂತರೆ ಅಪ್ಪ ಸೀದಾ ನಡುವಿನ ಜಾಯಿಂಟಿಗೆ ಹೋಗಿ ಬಿಚ್ಚುತ್ತಾರೆ. ಅಲ್ಲಿ ನೀರು ಬಂದರೆ ತೊಂದರೆ ಕೆಳಗಿದೆ, ಬರದಿದ್ದರೆ ಮೇಲಿದೆ. ಮತ್ತೆ ಉಳಿದ ಅರ್ಧದ ನಡುವಿಗೆ ಹೋಗುತ್ತಾರೆ. ನಾಲ್ಕೈದು ಜಾಯಿಂಟು ಬಿಚ್ಚುವಷ್ಟರಲ್ಲಿ ಜಾಗ ಸಿಕ್ಕಿರುತ್ತದೆ.

2024ರ ಮಳೆಗಾಲದಲ್ಲಿ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04 ಅಪ್‌ಡೇಟ್ ಮಾಡಿದೆ. ಉಬುಂಟು ಅಂದರೆ ವಿಂಡೋಸಿನ ಬದಲು ಹಾಕಿಕೊಳ್ಳುವ, ಲಿನಕ್ಸಿನ ಒಂದು ಬಗೆ. ರೀಸ್ಟಾರ್ಟ್ ಆದ ಮೇಲೆ ವೈಫೈ ಇಲ್ಲ. ಸಿಗ್ನಲ್ ಕಡಿಮೆ ಅಂತಲ್ಲ, ಮೆನುವಿನಲ್ಲಿ ವೈಫೈ ಅನ್ನುವ ಗುರುತೇ ಇಲ್ಲ. ತೋಟದ ಲೆಕ್ಕ ಬರೆಯುವುದು, ಕಾಫಿ ರೇಟು ನೋಡುವುದು ಎಲ್ಲ ಅದರಲ್ಲೇ. ಪೇಟೆಯಲ್ಲಿ ಗೊತ್ತಿದ್ದವರನ್ನು ಕೇಳಿದರೆ, "ಫಾರ್ಮ್ಯಾಟ್ ಮಾಡ್ಬಿಡಿ" ಅಂದರು. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅದು ಇಡೀ ಪೈಪು ಕಿತ್ತು ಹೊಸದು ಎಳೆದ ಹಾಗೆ. ನೀರೇನೋ ಬರಬಹುದು. ಆದರೆ ಯಾಕೆ ನಿಂತಿತ್ತು ಅನ್ನುವುದು ಗೊತ್ತಾಗುವುದೇ ಇಲ್ಲ.

ಮೊದಲು ಕೇಳಬೇಕಾದದ್ದು, ಕೊನೆಗೆ ಬದಲಾದದ್ದು ಏನು? ಉಬುಂಟು ಇದನ್ನು ತಾನೇ ಬರೆದಿಟ್ಟಿರುತ್ತದೆ. ವಾರ್, ಅದರೊಳಗೆ ಲಾಗ್, ಅದರೊಳಗೆ ಎಪಿಟಿ ಎಂಬ ಫೋಲ್ಡರಿನಲ್ಲಿ ಹಿಸ್ಟರಿ ಎಂಬ ಕಡತ ಇದೆ. ಅಪ್‌ಡೇಟ್ ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಪ್ಯಾಕೇಜು, ಅಂದರೆ ಪ್ರೋಗ್ರಾಮಿನ ಕಟ್ಟು, ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಯಿತು, ಎಷ್ಟು ಹೊತ್ತಿಗೆ ಮುಗಿಯಿತು, ಎಲ್ಲ ಅಲ್ಲಿರುತ್ತದೆ. ನಮ್ಮದರಲ್ಲಿ ಉದ್ದದ ಪಟ್ಟಿಯ ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು. ಕರ್ನಲ್ 6.5 ಇದ್ದದ್ದು 6.8 ಆಗಿತ್ತು.

ಕರ್ನಲ್ ಅಂದರೆ ಲಿನಕ್ಸಿನ ತಿರುಳು. ಯಂತ್ರದ ಬಿಡಿಭಾಗಗಳ ಜೊತೆ ನೇರ ಮಾತಾಡುವುದು ಅದೇ. ಒಳ್ಳೆಯ ಸಂಗತಿ ಏನೆಂದರೆ, ಹೊಸ ಕರ್ನಲ್ ಬಂದ ತಕ್ಷಣ ಉಬುಂಟು ಹಳೆಯದನ್ನು ಅಳಿಸುವುದಿಲ್ಲ. ಯಂತ್ರ ಶುರುವಾಗುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ, ಹೊಸ ಯಂತ್ರಗಳಲ್ಲಾದರೆ ಎಸ್ಕೇಪ್ ಒತ್ತಿದರೆ, ಗ್ರಬ್ ಎಂಬ ಮೆನು ಬರುತ್ತದೆ. ಅದರ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹಳೇ ಕರ್ನಲ್ ಸಿಗುತ್ತದೆ. 6.5 ಆರಿಸಿದೆ. ವೈಫೈ ಬಂತು! ಅಲ್ಲಿಗೆ ಚಿಪ್ ಕೆಟ್ಟಿಲ್ಲ, ರೂಟರ್ ಸರಿಯಿದೆ, ಪಾಸ್‌ವರ್ಡ್ ಸರಿಯಿದೆ ಅಂತಾಯಿತು. ಒಂದೇ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪೈಪು ನೋಡಿ ಮುಗಿಸಿದ ಹಾಗೆ.

ಹಾಗಾದರೆ 6.8ರಲ್ಲಿ ಏನಾಗಿತ್ತು? ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಈ ಕರ್ನಲ್ಲಿಗೆ ಒಂದು ಗಟ್ಟಿ ನಿಯಮ ಇದೆ. ನಾವು ಬಳಸುವ ಪ್ರೋಗ್ರಾಮುಗಳು ಹೊಸ ಕರ್ನಲ್ ಬಂದದ್ದಕ್ಕೆ ಕೆಡಬಾರದು. ಆದರೆ ಕರ್ನಲ್ಲಿನ ಒಳಗಿನ ಜೋಡಣೆಗಳಿಗೆ ಈ ಭರವಸೆ ಇಲ್ಲ. ಸುಮಾರು ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಒಳಗಿನ ಜೋಡಣೆ ಆಗಾಗ ಬದಲಾಗುತ್ತದೆ. ವೈಫೈ ಚಿಪ್ಪಿನಂಥ ಬಿಡಿಭಾಗವನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಕರ್ನಲ್ಲಿನ ಜೊತೆಗೇ ಬರುವ ಡ್ರೈವರುಗಳನ್ನು ಅದರ ಜೊತೆಗೇ ತಿದ್ದುತ್ತಾರೆ. ಹೊರಗಿನಿಂದ ತಂದು ಹಾಕಿದ ಡ್ರೈವರಿಗೆ ಆ ಸೌಲಭ್ಯ ಇಲ್ಲ. ಪ್ರತಿ ಹೊಸ ಕರ್ನಲ್ಲಿಗೂ ಅದನ್ನು ಹೊಸದಾಗಿ ಕಂಪೈಲ್ ಮಾಡಬೇಕು, ಅಂದರೆ ಮೂಲ ಬರಹದಿಂದ ಮತ್ತೆ ಕಟ್ಟಬೇಕು. ಡಿಕೆಎಂಎಸ್ ಎಂಬ ಪ್ರೋಗ್ರಾಮು ಈ ಕೆಲಸವನ್ನು ನಮಗೆ ಗೊತ್ತಾಗದ ಹಾಗೆ ಮಾಡುತ್ತಿರುತ್ತದೆ. ನಮ್ಮ ವೈಫೈ ಡ್ರೈವರ್ ಈ ಹೊರಗಿನ ಜಾತಿಯದು.

ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರ್ ತೆರೆದೆ. ಪ್ರತಿ ಕರ್ನಲ್ಲಿಗೂ ಅಲ್ಲಿ ಒಂದೊಂದು ಫೋಲ್ಡರ್ ಇರುತ್ತದೆ. 6.5ರದ್ದರಲ್ಲಿ ಡಿಕೆಎಂಎಸ್ ಹೆಸರಿನ ಒಳಫೋಲ್ಡರ್ ಇತ್ತು, ಅದರಲ್ಲಿ ವೈಫೈ ಡ್ರೈವರಿನ ಕಡತ ಇತ್ತು. 6.8ರದ್ದರಲ್ಲಿ ಆ ಒಳಫೋಲ್ಡರೇ ಇಲ್ಲ. ಸುಮ್ನೆ ಎರಡು ಫೋಲ್ಡರ್ ಅಕ್ಕಪಕ್ಕ ಇಟ್ಟು ನೋಡಿದ್ದಕ್ಕೆ ಇಷ್ಟು ಗೊತ್ತಾಯಿತು. ಡ್ರೈವರ್ ಕಟ್ಟಲು ಆ ಕರ್ನಲ್ಲಿನ ಒಳಗಿನ ಜೋಡಣೆ ಹೇಗಿದೆ ಎಂದು ಹೇಳುವ ಹೆಡರ್ ಕಡತಗಳು ಬೇಕು. ಡಿಸ್ಕಿನಲ್ಲಿ ಜಾಗ ಇಲ್ಲವೆಂದು ಹಿಂದೊಮ್ಮೆ ಹೆಡರ್ ಪ್ಯಾಕೇಜು ತೆಗೆದುಹಾಕಿದ್ದೆ. ಹಾಗಾಗಿ ಹೊಸ ಕರ್ನಲ್ ಬಂತು, ಅದರ ಹೆಡರ್ ಬರಲಿಲ್ಲ, ಡ್ರೈವರ್ ತಯಾರಾಗಲಿಲ್ಲ. ಅಪ್‌ಡೇಟ್ ಮಾತ್ರ ಮುಗಿಯಿತು ಅಂತ ತೋರಿಸಿತ್ತು.

ಹಳೇ ಕರ್ನಲ್ಲಿನಲ್ಲೇ ಕೂತು 6.8ರ ಹೆಡರ್ ಪ್ಯಾಕೇಜು ಹಾಕಿದೆ. ಡಿಕೆಎಂಎಸ್ ಡ್ರೈವರ್ ಕಟ್ಟಿತು. ರೀಸ್ಟಾರ್ಟ್ ಮಾಡಿದ ಮೇಲೆ 6.8ರಲ್ಲೂ ವೈಫೈ ಬಂತು. ಹಳೇ ಕರ್ನಲ್ಲಿನಲ್ಲೂ ನೆಟ್ ಬರದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಹಾಕಿಕೊಂಡು ಮೊಬೈಲಿನ ನೆಟ್ ಬಳಸಬಹುದು. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್ಲಿನಲ್ಲೇ ಇರುತ್ತದೆ.

ಕೆಲವು ಸಲ ದೋಷ ಕರ್ನಲ್ಲಿನಲ್ಲೇ ಇರುತ್ತದೆ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಬದಲಾವಣೆ ಆಗಿರುತ್ತದೆ. ಅದರಲ್ಲಿ ಕೆಟ್ಟದ್ದು ಯಾವುದು? ಕರ್ನಲ್ ಕೆಲಸಕ್ಕೆಂದೇ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಸಾಧನ ಮಾಡಿದರು. ಅದರಲ್ಲಿ ಬೈಸೆಕ್ಟ್ ಎಂಬ ಕಮಾಂಡ್ ಇದೆ. ಚೆನ್ನಾಗಿದ್ದ ಹಳೇ ಜಾಗ, ಕೆಟ್ಟ ಹೊಸ ಜಾಗ ಎರಡನ್ನೂ ಹೇಳಿದರೆ ಅದು ನಡುವಿನದನ್ನು ಎತ್ತಿ ಕೊಡುತ್ತದೆ. ನಾವು ಓಡಿಸಿ ನೋಡಿ, ಸರಿ ಇದೆಯೋ ಇಲ್ಲವೋ ಹೇಳಬೇಕು. ಪ್ರತಿ ಸಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. 16,384 ಬದಲಾವಣೆಗಳಿದ್ದರೂ 14 ಪರೀಕ್ಷೆ ಸಾಕು. ಅಪ್ಪನಿಗೆ ಇದನ್ನು ಹೇಳಿದಾಗ, "ಮತ್ತೆ ಇನ್ನು ಹೇಗೆ ಹುಡುಕ್ತಾರೆ?" ಅಂತ ಕೇಳಿದರು.

ಮಲೆನಾಡಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಗಾಳಿಮಳೆಗೆ ಕರೆಂಟು ಹೋಗುತ್ತಲೇ ಇರುತ್ತದೆ, ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ತಡೆಯುವುದಿಲ್ಲ, ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಹೆದರಬೇಡಿ. ಯಾವ ಪ್ಯಾಕೇಜು ಬಿಚ್ಚಿದ್ದಾಯಿತು, ಯಾವುದರ ಕೆಲಸ ಅರ್ಧ ಉಳಿದಿದೆ ಅನ್ನುವುದನ್ನು, ಪ್ಯಾಕೇಜುಗಳನ್ನು ಹಾಕುವ ಡಿಪಿಕೆಜಿ ಎಂಬ ಕಮಾಂಡ್ ಬರೆದುಕೊಳ್ಳುತ್ತಾ ಹೋಗುತ್ತದೆ. ಕರೆಂಟು ಬಂದ ಮೇಲೆ ಅದೇ ಕಮಾಂಡಿಗೆ ಕಾನ್ಫಿಗರ್ ಮತ್ತು ಎ ಎಂಬ ಎರಡು ಆಯ್ಕೆ ಕೊಟ್ಟು ಓಡಿಸಿದರೆ, ಸಾಮಾನ್ಯವಾಗಿ ನಿಲ್ಲಿಸಿದ ಕಡೆಯಿಂದ ಮುಂದುವರಿಸುತ್ತದೆ. ನಾನೀಗ ಬೆಳಿಗ್ಗೆ ಹೊತ್ತು, ಮಳೆ ಹೊಳವಾಗಿರುವಾಗ, ಚಾರ್ಜರ್ ಹಾಕಿಕೊಂಡೇ ಅಪ್‌ಡೇಟ್ ಮಾಡುತ್ತೇನೆ.