ಗಣಿ ಲಾರಿಯ ಹೊಗೆ: ಕಣ್ಣಿಗೆ ಕಂಡದ್ದು, ಕಾಣದೆ ಉಳಿದದ್ದು

ಸಂಡೂರಿನಿಂದ ತೋರಣಗಲ್ಲಿಗೆ ಬರುವ ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತರೆ ಸಾಕು, ಮೇಜಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಕೆಂಪು ದೂಳು ಕೂತಿರುತ್ತದೆ. ಅದು ಹಿಂದೆಯೂ ಇತ್ತು, ಈಗಲೂ ಇದೆ. ಬದಲಾದದ್ದು ಇನ್ನೊಂದು. ಇಪ್ಪತ್ತು ವರ್ಷಗಳ ಹಿಂದೆ ಅದಿರು ತುಂಬಿದ ಲಾರಿ ಏರು ಹತ್ತುವಾಗ ಹಿಂದೆ ಕರಿ ಹೊಗೆಯ ಬಾಲ ಇರುತ್ತಿತ್ತು. ಹೊಸ ಟಿಪ್ಪರ್ ಅದೇ ಏರನ್ನು ಹತ್ತಿ ಹೋದರೆ ಹೊಗೆಕೊಳವೆಯ ಬಾಯಲ್ಲಿ ಏನೂ ಕಾಣುವುದಿಲ್ಲ. ಕಾಣುವುದಿಲ್ಲ ಎಂದಷ್ಟೇ ಹೇಳಬಹುದು, ಇಲ್ಲ ಎನ್ನಲಾಗದು. ಲಾರಿ ಹೊಗೆಯ ಕಾನೂನು ಕಳೆದ ಮೂರೂವರೆ ದಶಕಗಳಲ್ಲಿ ಕಾಣುವ ಮಸಿಯಿಂದ ಕಾಣದ ಅನಿಲದ ಕಡೆಗೆ ನಡೆದು ಬಂದಿದೆ. ರಸ್ತೆ ಬದಿಯ ತಪಾಸಣೆ ಮಾತ್ರ ಹೊರಟಲ್ಲೇ ನಿಂತಿದೆ. ಈ ಸೀಮೆಯ ಲಾರಿ ಮಾಲೀಕರ ಇಂದಿನ ತಲೆನೋವಿನ ಬಹುಪಾಲು ಹುಟ್ಟುವುದು ಈ ಅಂತರದಲ್ಲೇ.

ಹೊರಟದ್ದು 1989ರಲ್ಲಿ. ಆ ವರ್ಷದ ಜುಲೈ 1ರಂದು ಹೊಸ ಮೋಟಾರು ವಾಹನ ಕಾಯ್ದೆಯ ಜೊತೆಗೇ ಕೇಂದ್ರ ಮೋಟಾರು ವಾಹನ ನಿಯಮಗಳೂ ಜಾರಿಗೆ ಬಂದವು. 115ನೇ ನಿಯಮ ಹೊಗೆಗೆ, 119 ಹಾರ್ನ್‌ಗೆ, 120 ಸೈಲೆನ್ಸರ್‌ಗೆ. ಡೀಸೆಲ್ ಲಾರಿಯ ಹೊಗೆ ಅಳೆಯುವ ಕ್ರಮ ಸರಳ: ಗೇರ್ ತೆಗೆದು ನಿಲ್ಲಿಸಿ, ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಬೇಕು. ಹೊರಬಂದ ಹೊಗೆಯನ್ನು ಒಂದು ನಳಿಗೆಯೊಳಕ್ಕೆ ಹಾಯಿಸಿ, ಒಂದು ತುದಿಯಿಂದ ಬಿಟ್ಟ ಬೆಳಕು ಇನ್ನೊಂದು ತುದಿಗೆ ಎಷ್ಟು ತಲುಪಿತು ಎಂದು ಮೀಟರ್ ನೋಡುತ್ತದೆ. 65 ಹಾರ್ಟ್‌ರಿಜ್ ಯೂನಿಟ್ ದಾಟಬಾರದು ಎಂಬುದು ಹಳೆಯ ಲಾರಿಗಳ ಮಿತಿ. ಅಂದರೆ ನೂರು ಪಾಲು ಬೆಳಕಿನಲ್ಲಿ 65 ಪಾಲನ್ನು ಹೊಗೆ ನುಂಗಿದರೂ ಪಾಸು. ಅಷ್ಟು ಸಡಿಲ ಮಿತಿಯೂ ಬಿಗಿಯೆನಿಸುತ್ತಿದ್ದ ಕಾಲವದು. ಎಮಿಷನ್ ಟೆಸ್ಟ್‌ಗೆ ಮೊದಲು ಎಂಜಿನ್‌ಗೆ ಡೀಸೆಲ್ ಕೊಡುವ ಪಂಪನ್ನು ತುಸು ಕಡಿಮೆ ಮಾಡಿಸುವುದು, ಚೀಟಿ ಕೈಗೆ ಬಂದ ಮೇಲೆ ಮತ್ತೆ ಏರಿಸಿಕೊಳ್ಳುವುದು ಗ್ಯಾರೇಜುಗಳಲ್ಲಿ ಗುಟ್ಟೇನೂ ಆಗಿರಲಿಲ್ಲ. ಒಂದು ಸ್ಕ್ರೂ, ಒಂದು ಸ್ಪ್ಯಾನರ್, ಹತ್ತು ನಿಮಿಷದ ಕೆಲಸ.

ಆಮೇಲೆ ಚೀನಾ ಅದಿರು ಕೊಳ್ಳಲು ಬಂತು. 2003ರ ನಂತರದ ಆ ಏಳೆಂಟು ವರ್ಷಗಳನ್ನು ಹೊಸಪೇಟೆ, ಸಂಡೂರು, ಬಳ್ಳಾರಿಯವರು ಇಂದಿಗೂ ಇಸವಿ ಹೇಳಿ ನೆನೆಯುವುದಿಲ್ಲ, 'ಗಣಿ ಕಾಲ' ಎನ್ನುತ್ತಾರೆ. ಅಂಕೋಲಾ–ಗುತ್ತಿ ಹೆದ್ದಾರಿ, ಆಗಿನ ಲೆಕ್ಕದಲ್ಲಿ 63, ಈಗಿನ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಈಚೆಗೆ 67, ಬೇಲೆಕೇರಿ ಬಂದರಿನವರೆಗೂ ಲಾರಿಗಳ ಸಾಲಾಗಿತ್ತು. ಜಮೀನು ಮಾರಿ ಲಾರಿ ಕೊಂಡವರಿದ್ದರು, ಲಾರಿ ತೋರಿಸಿ ಇನ್ನೊಂದು ಲಾರಿಗೆ ಸಾಲ ಪಡೆದವರಿದ್ದರು. ಮಿತಿಮೀರಿ ಹೇರಿದ ಭಾರ ಏರಿನಲ್ಲಿ ಎಳೆಯಬೇಕು. ಎಳೆಯಲು ಪಂಪ್ ಹೆಚ್ಚಿಸಬೇಕು. ಹೆಚ್ಚಿಸಿದ ಡೀಸೆಲ್ ಉರಿಯಲು ಗಾಳಿ ಸಾಲದು. ಉರಿಯದೆ ಉಳಿದದ್ದು ಮಸಿ. ಗಾಳಿ ಸಾಲದಿರಲು ಇಲ್ಲಿ ಇನ್ನೊಂದು ಕಾರಣವೂ ಇತ್ತು, ಅದೇ ಕೆಂಪು ದೂಳು. ಬೇರೆ ಊರಿನಲ್ಲಿ ತಿಂಗಳುಗಟ್ಟಲೆ ಬರುವ ಏರ್ ಫಿಲ್ಟರ್ ಗಣಿ ರಸ್ತೆಯಲ್ಲಿ ಬೇಗನೆ ಕಟ್ಟಿಕೊಳ್ಳುತ್ತದೆ. ಕಂಪ್ರೆಸರ್ ಗಾಳಿಯಿಂದ ಊದಿ ಮತ್ತೆ ಹಾಕುವುದು ರೂಢಿ. ಜೋರಾಗಿ ಊದಿದರೆ ಫಿಲ್ಟರಿನ ಕಾಗದ ಸಣ್ಣಗೆ ಹರಿಯುತ್ತದೆ, ಹರಿದಲ್ಲಿ ಅದಿರಿನ ಗಡಸು ಪುಡಿ ಒಳಸೇರಿ ಪಿಸ್ಟನ್ ರಿಂಗು ಸವೆಸುತ್ತದೆ, ಸವೆದಲ್ಲಿ ಎಂಜಿನ್ ಆಯಿಲ್ ಮೇಲೇರಿ ಉರಿಯುತ್ತದೆ. ಕರಿ ಹೊಗೆಯ ಲಾರಿ ನೀಲಿ ಹೊಗೆಯ ಲಾರಿ ಆಗುವುದು ಹೀಗೆ.

ಇದಕ್ಕೆಲ್ಲ ತಡೆ ಬಿದ್ದದ್ದು ಹೊಗೆಯ ಕಾನೂನಿನಿಂದಲ್ಲ ಎಂಬುದನ್ನು ಮರೆಯಬಾರದು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಎರಡನೇ ವರದಿ ಬಂತು; ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಕಾರಣ ಅಕ್ರಮ ಗಣಿಗಾರಿಕೆ, ಕಾಡಿನ ನಾಶ. ಆದರೆ ಅದಿರು ನಿಂತಿತು, ಲಾರಿ ನಿಂತಿತು, ಹೊಗೆಯೂ ನಿಂತಿತು. ಕಂತು ಕಟ್ಟಲಾಗದ ಲಾರಿಗಳು ಫೈನಾನ್ಸ್‌ನವರ ಅಂಗಳ ಸೇರಿದವು. ಯಾವ ಎಮಿಷನ್ ತಪಾಸಣೆಯೂ ಅಷ್ಟು ವರ್ಷ ಮಾಡಲಾಗದ್ದನ್ನು ಒಂದು ಆದೇಶ ವಾರದೊಳಗೆ ಮಾಡಿತ್ತು. 2013ರ ಏಪ್ರಿಲ್ 18ರ ತೀರ್ಪಿನ ಬಳಿಕ ಎ ಮತ್ತು ಬಿ ವರ್ಗದ, ಅಂದರೆ ಅಕ್ರಮ ಇಲ್ಲದ ಇಲ್ಲವೇ ಕಡಿಮೆಯಿದ್ದ ಗಣಿಗಳು ಷರತ್ತಿನ ಮೇಲೆ ತೆರೆಯುವ ಹೊತ್ತಿಗೆ ಲಾರಿಗಳ ಕಾನೂನೇ ಬೇರೆಯಾಗತೊಡಗಿತ್ತು.

ಆ ಬೇರೆ ಕಾನೂನಿನ ಹೆಸರು ಭಾರತ್ ಸ್ಟೇಜ್: ಹೊಸ ವಾಹನ ಎಷ್ಟು ಹೊಗೆ ಬಿಡಬಹುದೆಂಬ ಮಿತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಗಿ ಮಾಡುವ ಕ್ರಮ. ಗ್ಯಾರೇಜಿನ ಮಾತಿನಲ್ಲಿ ಬಿಎಸ್. ಅದರ ಮೊದಲ ಮೆಟ್ಟಿಲು 2000ದಲ್ಲಿ ಬಂತು. ದೊಡ್ಡ ನಗರಗಳಿಗೆ ಮೊದಲು, ನಮ್ಮಂಥ ಜಿಲ್ಲೆಗಳಿಗೆ ಆಮೇಲೆ ಎಂಬ ಕ್ರಮದಲ್ಲಿ ಮುಂದಿನವು ಬಂದವು. ದೇಶದಾದ್ಯಂತ ಬಿಎಸ್ 3 ಬಂದದ್ದು 2010ರಲ್ಲಿ, ಬಿಎಸ್ 4 ಬಂದದ್ದು 2017ರ ಏಪ್ರಿಲ್ 1ರಂದು. ಅದಕ್ಕೆ ಮೂರು ದಿನ ಮೊದಲು, ಮಾರ್ಚ್ 29ರಂದು, ಉಳಿದ ಬಿಎಸ್ 3 ವಾಹನಗಳನ್ನು ಏಪ್ರಿಲ್ 1ರಿಂದ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಷೋರೂಮುಗಳಲ್ಲಿ ಎರಡು ದಿನ ಜಾತ್ರೆ. ಐದನೇ ಮೆಟ್ಟಿಲನ್ನು ಹಾರಿ ನೇರ ಆರಕ್ಕೆ ಹೋಗುವುದೆಂದು ಸರ್ಕಾರ 2016ರಲ್ಲೇ ನಿರ್ಧರಿಸಿತ್ತು. 2020ರ ಏಪ್ರಿಲ್ 1ರಂದು, ಲಾಕ್‌ಡೌನ್ ನಡುವೆ, ಯಾರ ಗಮನಕ್ಕೂ ಬಾರದಂತೆ ಬಿಎಸ್ 6 ಬಂತು.

ಇಲ್ಲಿ ಅಂಕಿಗಳು ಬೇಕು, ಏಕೆಂದರೆ ಇಡೀ ಕಥೆಯ ತಿರುವು ಅವುಗಳಲ್ಲಿದೆ. ಎಂಜಿನ್ ಮಾಡುವ ಪ್ರತಿ ಕಿಲೊವ್ಯಾಟ್ ಗಂಟೆ ಕೆಲಸಕ್ಕೆ 2000ದ ಭಾರಿ ಲಾರಿ 0.36 ಗ್ರಾಂ ಕಣ ಬಿಡಬಹುದಿತ್ತು. ಬಿಎಸ್ 6ರಲ್ಲಿ ಅದು 0.01. ನೈಟ್ರೋಜನ್ ಆಕ್ಸೈಡ್‌ಗಳಿಗೆ ಅಂದು 8 ಗ್ರಾಂ, ಬಿಎಸ್ 4ರಲ್ಲಿ 3.5, ಈಗ ಅರ್ಧ ಗ್ರಾಮಿಗಿಂತ ಕಡಿಮೆ. ಬಿಎಸ್ 4ರ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲು ಇರಬಹುದಿತ್ತು, ಬಿಎಸ್ 6ರಲ್ಲಿ 10. ಕರಿ ಹೊಗೆ ಅಂಗೈ ಹುಣ್ಣು, ಅದಕ್ಕೆ ಕನ್ನಡಿ ಬೇಕಿರಲಿಲ್ಲ. ನೈಟ್ರೋಜನ್ ಆಕ್ಸೈಡ್‌ಗಳನ್ನು ನೋಡಲು ಕನ್ನಡಿಯೇ ಬೇಕು. ಲಾರಿಯ ಕೊಳವೆಯಿಂದ ಅವು ಕಾಣದಂತೆ ಹೊರಬಂದು, ಶ್ವಾಸನಾಳವನ್ನು ಕೆರಳಿಸಿ, ಬಿಸಿಲಿನಲ್ಲಿ ಓಝೋನ್ ಆಗಲು ನೆರವಾಗುತ್ತವೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಬಿಎಸ್ 6 ಲಾರಿಯಲ್ಲಿ ಸೈಲೆನ್ಸರ್ ಇದ್ದ ಜಾಗದಲ್ಲಿ ಒಂದು ದಪ್ಪ ಪೆಟ್ಟಿಗೆ ಕೂತಿದೆ. ಅದರೊಳಗೆ ಮೊದಲು ಒಂದು ವೇಗವರ್ಧಕ, ಆಮೇಲೆ ಮಸಿ ಹಿಡಿಯುವ ಡಿಪಿಎಫ್ ಜರಡಿ, ಆಮೇಲೆ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡ್‌ಗಳನ್ನು ಕೊಲ್ಲುವ ಎಸ್‌ಸಿಆರ್ ಭಾಗ. ಜರಡಿಯಲ್ಲಿ ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಖಾಲಿ ಮಾಡಬೇಕು. ಹೈದರಾಬಾದಿಗೆ ಒಂದೇ ಓಟದಲ್ಲಿ ಹೋಗುವ ಲಾರಿಗೆ ಇದು ತಾನಾಗಿ ಆಗುತ್ತದೆ. ಗಣಿಯಿಂದ ರೈಲ್ವೆ ಸೈಡಿಂಗ್‌ಗೆ ನಾಲ್ಕಾರು ಕಿಲೊಮೀಟರ್ ತೆವಳಿ, ಲಾರಿ ತೂಗುವ ವೇಬ್ರಿಡ್ಜ್‌ನ ಸರದಿಯಲ್ಲಿ ಎಂಜಿನ್ ಆರಿಸದೆ ಗಂಟೆಗಟ್ಟಲೆ ನಿಲ್ಲುವ ಟಿಪ್ಪರ್‌ನ ಹೊಗೆಗೆ ಅಷ್ಟು ಬಿಸಿಯೇ ಏರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಗ ಲಾರಿಯನ್ನು ಒಣಹುಲ್ಲು ಇಲ್ಲದ ಕಡೆ ನಿಲ್ಲಿಸಿ, ಗುಂಡಿ ಒತ್ತಿ, ಸುಡುವ ಕೆಲಸ ಮುಗಿಯುವವರೆಗೆ ಕಾಯಬೇಕು. ಟ್ರಿಪ್ ಲೆಕ್ಕದಲ್ಲಿ ಬಾಟಾ ಎಣಿಸುವ ಚಾಲಕನಿಗೆ ಕಾಯಿರಿ ಎಂದು ಹೇಳುವುದು ಸುಲಭ. ಮಸಿ ಸುಡುತ್ತದೆ, ಆದರೆ ಆಯಿಲ್ ಉರಿದ ಬೂದಿ ಸುಡುವುದಿಲ್ಲ, ಜರಡಿಯಲ್ಲೇ ಕೂರುತ್ತದೆ. ಆದ್ದರಿಂದಲೇ ಈ ಎಂಜಿನ್‌ಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಎಂದು ಕಂಪನಿಗಳು ಪಟ್ಟು ಹಿಡಿಯುವುದು; ಹಳೆಯ ಡ್ರಮ್ಮಿನ ಆಯಿಲ್ ಹಾಕಿ ಉಳಿಸಿದ ಹಣ ಜರಡಿಯ ಬಿಲ್ಲಿನಲ್ಲಿ ಹೋಗುತ್ತದೆ.

ಇನ್ನು ಯೂರಿಯಾ. ಕಾಗದದಲ್ಲಿ ಅದರ ಹೆಸರು ಡಿಇಎಫ್, ಚಾಲಕರ ಬಾಯಲ್ಲಿ ಬರೀ ಯೂರಿಯಾ, ಮತ್ತು ಎಲ್ಲ ಎಡವಟ್ಟು ಈ ಹೆಸರಿನಲ್ಲೇ ಇದೆ. ದ್ರಾವಣದಲ್ಲಿ ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ನೂರು ಲೀಟರ್ ಡೀಸೆಲ್‌ಗೆ ಸರಿಸುಮಾರು ಐದು ಲೀಟರ್ ಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳ ನಡುವೆ ಓಡಾಡುವವನಿಗೆ ಯೂರಿಯಾ ಅಂದರೆ ಚೀಲ: 45 ಕಿಲೊಗೆ 266 ರೂಪಾಯಿ 50 ಪೈಸೆ. ಒಂದು ಚೀಲದಿಂದ ಲೆಕ್ಕಕ್ಕೆ 125 ಲೀಟರ್ ದ್ರಾವಣ ಆಗುತ್ತದೆ, ಲೀಟರಿಗೆ ಎರಡು ರೂಪಾಯಿ ಚಿಲ್ಲರೆ ಬೀಳುತ್ತದೆ. ಆಸೆ ಹುಟ್ಟದಿದ್ದರೇ ಆಶ್ಚರ್ಯ. ಆದರೆ ಆ ಚೀಲದ ಕಾಳಿಗೆ ಬೇವಿನ ಎಣ್ಣೆಯ ಲೇಪವಿದೆ. ರಿಯಾಯಿತಿ ಯೂರಿಯಾ ಕಾರ್ಖಾನೆಗಳ ಪಾಲಾಗುವುದನ್ನು ತಡೆಯಲೆಂದೇ 2015ರಲ್ಲಿ ಬೇವು ಲೇಪನವನ್ನು ಕಡ್ಡಾಯ ಮಾಡಿದ್ದು. ಚೀಲದ ಯೂರಿಯಾದಲ್ಲಿ ಬೈಯುರೆಟ್ ಎಂಬ ಕಲ್ಮಶ ನೂರಕ್ಕೆ 1.5ರವರೆಗೆ ಇರಬಹುದು, ಲಾರಿಯ ದ್ರಾವಣದಲ್ಲಿ 0.3 ದಾಟುವಂತಿಲ್ಲ. ಬೇವಿನೆಣ್ಣೆ, ಬೈಯುರೆಟ್, ಬೋರ್‌ವೆಲ್ ನೀರಿನ ಸುಣ್ಣ ಮೂರೂ ಸೇರಿ ಸಿಂಪಡಿಸುವ ನಾಝಲ್‌ನಲ್ಲಿ ಬಿಳಿ ಗಂಟು ಕಟ್ಟಿ ವೇಗವರ್ಧಕವನ್ನು ಮುಚ್ಚುತ್ತವೆ. ರೈತನ ಪಾಲಿನ ರಸಗೊಬ್ಬರವನ್ನು ಹೀಗೆ ಬಳಸುವುದು ಅಗತ್ಯ ವಸ್ತುಗಳ ಕಾಯ್ದೆಯಡಿ ಅಪರಾಧ ಬೇರೆ. ಮುಂಗಾರಿನಲ್ಲಿ ಅದೇ ಚೀಲಕ್ಕೆ ಸೊಸೈಟಿ ಮುಂದೆ ಚಪ್ಪಲಿ ಇಟ್ಟು ಸರದಿ ಹಿಡಿಯುವವರನ್ನು ಕಂಡವರಿಗೆ ಕಾಯ್ದೆಯ ಹೆಸರು ಹೇಳಬೇಕಿಲ್ಲ.

ಅಸಲಿ ದ್ರಾವಣಕ್ಕೂ ಇಲ್ಲಿನ ಹವೆ ಒಗ್ಗುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 25 ಡಿಗ್ರಿಯೊಳಗೆ ಇಟ್ಟರೆ ಅದು 18 ತಿಂಗಳು ಬಾಳುತ್ತದೆ, 30ರಲ್ಲಿ 12, 35ರಲ್ಲಿ ಬರೀ ಆರು. ಅದಕ್ಕೂ ಮೇಲೆ ಹೋದರೆ ಬಳಸುವ ಮುನ್ನ ಪ್ರತಿ ಸಲ ಪರೀಕ್ಷಿಸಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಪಾದರಸ 40 ದಾಟುವುದು ಸುದ್ದಿಯೇ ಅಲ್ಲ.

ಟ್ಯಾಂಕ್ ಬರಿದಾದರೆ ಅಥವಾ ದ್ರಾವಣ ಕೆಟ್ಟಿದ್ದರೆ ಲಾರಿ ಸುಮ್ಮನಿರುವುದಿಲ್ಲ. ಮೊದಲು ದೀಪ, ಆಮೇಲೆ ಎಂಜಿನ್‌ನ ಎಳೆತ ಕಾಲು ಭಾಗ ಇಳಿಕೆ, ಕೊನೆಗೆ ಗಂಟೆಗೆ 20 ಕಿಲೊಮೀಟರ್ ತೆವಳಾಟ. ಹೊರೆ ಹೊತ್ತು ಹೀಗೆ ತೆವಳುವ ಲಾರಿಯ ಮಾಲೀಕನಿಗೆ ಒಂದು ಸಣ್ಣ ಡಬ್ಬಿಯ ಆಮಿಷ ಒಡ್ಡುವವರಿದ್ದಾರೆ: ಯೂರಿಯಾ ಇದೆ, ಸೆನ್ಸರ್ ಸರಿಯಿದೆ, ಎಲ್ಲವೂ ಕ್ಷೇಮ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಡಬ್ಬಿ. ಹಿಂದೆ ಪಂಪಿನ ಸ್ಕ್ರೂ ಮಾಡುತ್ತಿದ್ದ ಕೆಲಸವನ್ನು ಈಗ ಇದು ಮಾಡುತ್ತದೆ. ಹೀಗೆ ಮಾರ್ಪಡಿಸಿದರೆ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಂನಡಿ ಆರು ತಿಂಗಳವರೆಗೆ ಜೈಲು ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ. ಹೊಗೆ, ಸದ್ದಿನ ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ 190(2)ರಡಿ 10,000ದವರೆಗೆ. ಮೊದಲ ಸಲಕ್ಕೆ ಅದು ಹಿಂದೆ ಒಂದು ಸಾವಿರವಿತ್ತು.

ದಂಡ ಹತ್ತು ಪಟ್ಟಾಯಿತು, ಹಿಡಿಯುವ ಸಾಧನ? ಬಿಎಸ್ 6 ಲಾರಿ ಇಂದಿಗೂ ಅದೇ ಎಮಿಷನ್ ಕೇಂದ್ರಕ್ಕೆ ಹೋಗಿ, ಅದೇ ಆಕ್ಸಿಲರೇಟರ್ ಒತ್ತಿ, ಅದೇ ಬೆಳಕಿನ ಮೀಟರಿನಲ್ಲಿ ಹೊಗೆ ತೋರಿಸುತ್ತದೆ. ಮಿತಿ ಬಿಗಿಯಾಗಿದೆ, ನಿಜ. ಹಳೆಯ ಲಾರಿಗೆ ಒಂದು ಮೀಟರ್ ಉದ್ದಕ್ಕೆ 2.45 (ಅದೇ 65 ಹಾರ್ಟ್‌ರಿಜ್) ಇದ್ದ ಬೆಳಕು ಹೀರುವ ಪ್ರಮಾಣ ಬಿಎಸ್ 4ಕ್ಕೆ 1.62, ಬಿಎಸ್ 6ಕ್ಕೆ 0.7. ಆದರೆ ಆ ಮೀಟರಿಗೆ ನೈಟ್ರೋಜನ್ ಆಕ್ಸೈಡ್‌ಗಳು ಕಾಣುವುದಿಲ್ಲ. ಯೂರಿಯಾ ವ್ಯವಸ್ಥೆಯನ್ನು ಪೂರ್ತಿ ಮಲಗಿಸಿದ ಲಾರಿಯೂ ಜರಡಿ ಸರಿಯಿದ್ದರೆ ಪಾಸಾಗುತ್ತದೆ. ಶಿಸ್ತಿನಿಂದ ದ್ರಾವಣದ ಬಕೆಟ್ ಕೊಂಡವನಿಗೂ ಡಬ್ಬಿ ಹಾಕಿಸಿದವನಿಗೂ ಒಂದೇ ಚೀಟಿ. ಪ್ರಾಮಾಣಿಕ ಮಾಲೀಕನ ಸಿಟ್ಟು ಅರ್ಥವಾಗುವಂಥದ್ದು. ಭಾರಿ ವಾಹನಗಳ ಎಫ್‌ಸಿಯನ್ನು, ಅಂದರೆ ರಸ್ತೆಗಿಳಿಯಲು ಯೋಗ್ಯವೆಂಬ ಪ್ರಮಾಣಪತ್ರದ ತಪಾಸಣೆಯನ್ನು, ಸ್ವಯಂಚಾಲಿತ ಕೇಂದ್ರಗಳಿಗೆ ವಹಿಸುವ ಗಡುವು 2023ರ ಏಪ್ರಿಲ್‌ನಿಂದ 2024ರ ಅಕ್ಟೋಬರ್‌ಗೆ ಮುಂದೆ ಹೋಯಿತು. ಎಂಜಿನ್ ಕಂಪ್ಯೂಟರಿನ ದೋಷಪಟ್ಟಿಯನ್ನು ಓದದೆ, ಹೊಗೆಯನ್ನಷ್ಟೇ ನೋಡುವ ತಪಾಸಣೆ ಎಲ್ಲಿ ನಡೆದರೂ ಈ ಕಣ್ಣು ಕುರುಡೇ.

ಸದ್ದಿನ ಕಥೆಯನ್ನು ಚಿಕ್ಕದಾಗಿ ಹೇಳಬಹುದು, ಏಕೆಂದರೆ ಅದರ ಗತಿ ಇನ್ನೂ ಬಡವು. ವಾಯು ಕಾಯ್ದೆಗೆ 1987ರಲ್ಲಿ ಶಬ್ದವನ್ನೂ ಸೇರಿಸಲಾಯಿತು. 150 ಕಿಲೊವ್ಯಾಟ್ ಮೀರಿದ ಎಂಜಿನ್‌ನ ಹೊಸ ಲಾರಿ 80 ಡೆಸಿಬಲ್ ದಾಟಬಾರದೆಂಬ ಮಿತಿಯಿದೆ, ಆದರೆ ಅದು ಕಾರ್ಖಾನೆಯಿಂದ ಹೊರಡುವಾಗಿನ ಮಾತು; ಎಮಿಷನ್ ಚೀಟಿಯಲ್ಲಿ ಡೆಸಿಬಲ್ಲಿಗೆ ಕಾಲಂ ಇಲ್ಲ. ಏರ್ ಹಾರ್ನ್‌ನ ಗಾಳಿ ಬರುವುದು ಬ್ರೇಕಿನ ಗಾಳಿ ಟ್ಯಾಂಕಿನಿಂದಲೇ, ಆ ಕೊಳವೆ ಸೋರಿದರೆ ಬ್ರೇಕಿಗೂ ಕುತ್ತು ಎಂಬುದನ್ನು ಹಾಡು ಹಾಡುವ ಹಾರ್ನ್ ಹಾಕಿಸುವವರು ಯೋಚಿಸಿದಂತಿಲ್ಲ. ಅನಗತ್ಯ ಹಾರ್ನ್‌ಗೂ, ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವುದಕ್ಕೂ 194ಎಫ್‌ನಡಿ ಮೊದಲು ಸಾವಿರ, ಮತ್ತೆ ಸಿಕ್ಕಿಬಿದ್ದರೆ ಎರಡು ಸಾವಿರ. ಅದೇ ಲಾರಿಯ ಬೆನ್ನಿನ ಮೇಲೆ 'ಸೌಂಡ್ ಹಾರ್ನ್' ಎಂಬ ಕೋರಿಕೆ. ಬಿಎಸ್ 6ರಲ್ಲಿ ಒಂದು ವಿಶೇಷವಿದೆ: ಹೊಗೆಯ ಪೆಟ್ಟಿಗೆಯೇ ಸೈಲೆನ್ಸರ್ ಕೂಡ ಆದ್ದರಿಂದ ಒಳಗಿನ ಜರಡಿಯನ್ನು ಒಡೆದು ತೆಗೆದವನ ಲಾರಿ ಸದ್ದಿನಲ್ಲೇ ಗುಟ್ಟು ಬಿಟ್ಟುಕೊಡುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಅದನ್ನು ಕಿವಿಯಲ್ಲೇ ಹಿಡಿಯುತ್ತಾರೆ.

ಕುಡತಿನಿ ದಾಟಿದ ಮೇಲೆ ಹೆದ್ದಾರಿಯ ಎರಡೂ ಬದಿಗೆ ಈಗ ಪಂಕ್ಚರ್ ಅಂಗಡಿಗಳ ಮುಂದೆ 20 ಲೀಟರ್‌ನ ನೀಲಿ, ಬಿಳಿ ಡಿಇಎಫ್ ಬಕೆಟ್‌ಗಳ ಗೋಪುರ ಕಾಣುತ್ತದೆ. ಮಾರ್ಚ್‌ನಿಂದ ಮೇವರೆಗೂ ಅವು ಬಿಸಿಲಿನಲ್ಲೇ ನಿಲ್ಲುತ್ತವೆ. ಕೊಳ್ಳುವ ಚಾಲಕ ಬೆಲೆ ಕೇಳುತ್ತಾನೆ, ಚೌಕಾಸಿ ಮಾಡುತ್ತಾನೆ, ಬಕೆಟ್ ಎತ್ತಿ ಕ್ಯಾಬಿನ್ನಿಗೆ ಹಾಕಿಕೊಳ್ಳುತ್ತಾನೆ. ತಯಾರಾದ ತಿಂಗಳನ್ನು ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಓದಬೇಕೆಂದರೆ ಮೊದಲು ಕೆಂಪು ದೂಳು ಒರೆಸಬೇಕು.