ಮಾಸ್ಕಿಂಗ್: ಹುಡುಗಿಯರ ಎಡಿಎಚ್‌ಡಿ ಯಾಕೆ ಕಣ್ಣಿಗೆ ಬೀಳುವುದಿಲ್ಲ?

ಗಮನ ಒಂದೆಡೆ ನಿಲ್ಲದ ತೊಂದರೆಗೆ ಎಡಿಎಚ್‌ಡಿ ಎಂಬ ಹೆಸರಿದೆ. ಅದು ಇರುವವರು ತಮ್ಮ ತೊಂದರೆ ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟುಕೊಂಡು ದಿನ ದೂಡುವುದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಗಂಡಸರೂ ಹೀಗೆ ಮಾಡುತ್ತಾರೆ. ಆದರೆ ಅಚ್ಚುಕಟ್ಟಾಗಿರು, ಸುಮ್ನೆ ಕೂತ್ಕೋ ಎಂಬ ಮಾತು ಚಿಕ್ಕಂದಿನಿಂದ ಜಾಸ್ತಿ ಕೇಳುವವರು ಹೆಣ್ಣುಮಕ್ಕಳು. ಹಾಗಾಗಿ ಮುಚ್ಚಿಡುವುದನ್ನೂ ಅವರೇ ಬೇಗ ಕಲಿಯುತ್ತಾರೆ.

ಎಡಿಎಚ್‌ಡಿ ಮಿದುಳು ಬೆಳೆಯುವ ರೀತಿಗೆ ಸಂಬಂಧಿಸಿದ್ದು. ಬೇಕಾದ ಕಡೆ ಗಮನ ನಿಲ್ಲಿಸುವುದು, ಕೆಲಸ ಶುರು ಮಾಡುವುದು, ಸಮಯದ ಅಂದಾಜು, ಸಿಟ್ಟು ದುಃಖದ ಹಿಡಿತ ಎಲ್ಲವೂ ಕಷ್ಟವಾಗುತ್ತದೆ. ಬಹುಪಾಲು ವಂಶದಿಂದ ಬರುತ್ತದೆ, ತಾಯಿ ಸಾಕಿದ ರೀತಿಯಿಂದಲ್ಲ. ಹೆಸರು ಕೇಳಿದರೆ ಬೆಂಚು ಹತ್ತಿ ಕುಣಿಯುವ ಹುಡುಗನೇ ನೆನಪಾಗುತ್ತಾನೆ, ಅಲ್ವಾ? ಕುಣಿದಾಟ ಇಲ್ಲದೆಯೂ ಗಮನದ ತೊಂದರೆ ಇರಬಹುದು ಎಂದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 1980ರಲ್ಲೇ ಹೇಳಿತ್ತು. ಆದರೂ ಬಾಲ್ಯದಲ್ಲಿ ಪತ್ತೆಯಾಗುವವರಲ್ಲಿ ಹುಡುಗರೇ ಹೆಚ್ಚು. ದೊಡ್ಡವರಲ್ಲಿ ಈ ಅಂತರ ತುಂಬಾ ಕಡಿಮೆ.

ಇಂಥ ಹುಡುಗಿ ಕ್ಲಾಸಿನಲ್ಲಿ ಗಲಾಟೆ ಮಾಡದೇ ಇರಬಹುದು. ಕಣ್ಣು ಬೋರ್ಡಿನ ಮೇಲೆ, ಮನಸ್ಸು ಎಲ್ಲೋ. ಪಾಠ ತಲೆಗೆ ಹತ್ತದಿದ್ದರೂ ಅರ್ಥವಾಯಿತು ಎನ್ನುತ್ತಾಳೆ. ಗೆಳತಿಯ ನೋಟ್ಸ್ ತಂದು ರಾತ್ರಿ ಕೂತು ಬರೆಯುತ್ತಾಳೆ. ಏನು ಮರೆತೆನೋ ಎಂಬ ಭಯಕ್ಕೆ ಬ್ಯಾಗನ್ನು ಮತ್ತೆ ಮತ್ತೆ ತೆಗೆದು ನೋಡುತ್ತಾಳೆ. ಮಾರ್ಕ್ಸ್ ಬರುತ್ತದೆ, ಟೀಚರಿಗೆ ಅನುಮಾನವೇ ಬರುವುದಿಲ್ಲ. ಮನೆಗೆ ಬಂದ ಮೇಲೆ ಸಣ್ಣ ಮಾತಿಗೂ ಅಳು. ಇಡೀ ದಿನ ತಡೆದುಕೊಂಡದ್ದು ಅಲ್ಲಿ ಹೊರಬರುತ್ತದೆ.

ಓದು ಮುಗಿಯುವ ತನಕ ಹೇಗೋ ನಡೆಯುತ್ತದೆ. ಮದುವೆ, ಕೆಲಸ, ಮಕ್ಕಳು ಎಂದಾಗ ಸಾಲುವುದಿಲ್ಲ. ನಮ್ಮ ಮನೆಗಳಲ್ಲಿ ನೆನಪಿಡುವ ಕೆಲಸವೆಲ್ಲ ಹೆಂಗಸಿನದೇ: ಅತ್ತೆಯ ಮಾತ್ರೆ, ಮಗುವಿನ ಲಸಿಕೆ, ಗ್ಯಾಸ್ ಬುಕಿಂಗ್, ನಾಳೆಯ ದೋಸೆಗೆ ಅಕ್ಕಿ ನೆನೆಹಾಕುವುದು. ಎಡಿಎಚ್‌ಡಿಯಲ್ಲಿ ಅತಿ ಕಷ್ಟವಾಗುವುದೂ ಇದೇ. ಹಾಲು ಉಕ್ಕಿದರೆ "ಹೆಂಗಸಾಗಿ ಇಷ್ಟೂ ಗಮನ ಇಲ್ವಾ?" ಎನ್ನುತ್ತೇವೆ. ಗಂಡನ ಕೈಯಲ್ಲಿ ಉಕ್ಕಿದರೆ ನಕ್ಕು ಬಿಡುತ್ತೇವೆ. ಇದು ಅನ್ಯಾಯ. ಮುಟ್ಟಿಗೆ ಮುಂಚಿನ ದಿನಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ತೊಂದರೆ ಇನ್ನೂ ಏರುತ್ತದೆ ಎಂದು ಅನೇಕರು ಹೇಳುತ್ತಾರೆ.

ಎಷ್ಟೋ ಹೆಂಗಸರು ಆತಂಕಕ್ಕೆ, ಖಿನ್ನತೆಗೆ ವರ್ಷಗಟ್ಟಲೆ ಔಷಧಿ ತೆಗೆದುಕೊಳ್ಳುತ್ತಾರೆ, ಅದರ ಹಿಂದಿರುವ ಎಡಿಎಚ್‌ಡಿ ಮಾತ್ರ ಹಾಗೇ ಉಳಿದಿರುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರಜ್ಞ ಸ್ಟೀಫನ್ ಹಿನ್‌ಶಾ ಅವರ ತಂಡ ಎಡಿಎಚ್‌ಡಿ ಇರುವ 140 ಹುಡುಗಿಯರನ್ನು ಬಾಲ್ಯದಿಂದ ದೊಡ್ಡವರಾಗುವ ತನಕ ಗಮನಿಸಿತು. ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವುದು, ಆತ್ಮಹತ್ಯೆಗೆ ಯತ್ನಿಸುವುದು ಅವರಲ್ಲಿ ಎಡಿಎಚ್‌ಡಿ ಇಲ್ಲದ ಹುಡುಗಿಯರಿಗಿಂತ ಹೆಚ್ಚಾಗಿತ್ತು.

ಮನೆಯವರು ಮೊದಲು "ಸೋಮಾರಿ" ಎನ್ನುವುದನ್ನು ಬಿಡಬೇಕು. ನೆನಪಿಡುವ ಭಾರವನ್ನು ಅವಳ ತಲೆಯಿಂದ ಇಳಿಸಿ: ಗೋಡೆ ಮೇಲೆ ಪಟ್ಟಿ, ಫೋನಿನಲ್ಲಿ ಅಲಾರಂ, ಒಂದು ಸಲಕ್ಕೆ ಒಂದೇ ಕೆಲಸ. ಕೆಲವು ಕೆಲಸಗಳನ್ನು ಪೂರ್ತಿ ನೀವೇ ವಹಿಸಿಕೊಳ್ಳಿ. ಪಕ್ಕದಲ್ಲಿ ಯಾರಾದರೂ ಸುಮ್ಮನೆ ಕೂತಿದ್ದರೂ ಸಾಕು, ಕೆಲಸ ಶುರು ಮಾಡುವುದು ಹಲವರಿಗೆ ಸುಲಭವಾಗುತ್ತದೆ.

ಎಡಿಎಚ್‌ಡಿ ಇದೆಯೇ ಎಂದು ಪರೀಕ್ಷಿಸಿಕೊಳ್ಳಲು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಬೇಕು. 12 ವರ್ಷಕ್ಕೆ ಮುಂಚೆ ಲಕ್ಷಣಗಳಿದ್ದವೇ ಎಂದು ಕೇಳುತ್ತಾರೆ. ಟೀಚರು ಷರಾ ಬರೆದ ಹಳೆಯ ಪ್ರೋಗ್ರೆಸ್ ಕಾರ್ಡ್ ಇದ್ದರೆ ಒಯ್ಯಿರಿ. ಅಮ್ಮನೋ ಅಕ್ಕನೋ ಜೊತೆಗಿದ್ದರೆ ಒಳ್ಳೆಯದು. ಎಲ್ಲಿಂದ ಶುರು ಮಾಡುವುದೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.