ಲೋಫೋಟೆನ್ ದ್ವೀಪಗಳ ಚರ್ಚುಗಳು ಯಾರ ಸ್ವತ್ತು?

ಓದುಗರ ಪ್ರಶ್ನೆ: ನಾರ್ವೆಯ ಕರಾವಳಿಯ ಚಿತ್ರಗಳಲ್ಲಿ ಬೆಟ್ಟದ ಬುಡದಲ್ಲಿ ನಾಲ್ಕಾರು ಮೀನುಗಾರರ ಮನೆ, ಪಕ್ಕದಲ್ಲೇ ಭಾರಿ ಮರದ ಚರ್ಚ್ ಕಾಣುತ್ತದೆ. ಅಷ್ಟು ಕಡಿಮೆ ಜನರಿರುವ ಕಡೆ ಅವನ್ನು ನಡೆಸುವವರು ಯಾರು? ಸರಕಾರವೇ, ಬಿಷಪ್ಪರೇ, ಊರಿನವರೇ? ಖರ್ಚು ಎಲ್ಲಿಂದ ಬರುತ್ತದೆ?

ಉತ್ತರ: ಮೂವರೂ ನಡೆಸುತ್ತಾರೆ. ಆದರೆ ಯಾರ ಪಾಲು ಎಷ್ಟು ಎಂಬುದು ತೀರ ಸ್ಪಷ್ಟವಾಗಿದೆ. ಕಟ್ಟಡ ಊರಿನ ಸಭೆಯದು, ಅಂದರೆ ಆ ಚರ್ಚಿನ ಸದಸ್ಯರದು. ಅದರ ಚಾವಣಿ ಸೋರಿದರೆ ದುರಸ್ತಿಗೆ ಹಣ ಕೊಡಬೇಕಾದದ್ದು ಸ್ಥಳೀಯ ಆಡಳಿತ. ಬಲಿಪೀಠದ ಮುಂದೆ ನಿಲ್ಲುವ ಸಭಾಪಾಲಕರ, ಅಂದರೆ ಪಾದ್ರಿಗಳ, ಸಂಬಳ ರಾಷ್ಟ್ರದ ಬೊಕ್ಕಸದಿಂದ ಚರ್ಚಿನ ಕೈ ಸೇರಿ ಅವರಿಗೆ ತಲುಪುತ್ತದೆ. 'ನಾರ್ವೆಯದು ಸರಕಾರಿ ಚರ್ಚ್' ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಆ ಮಾತು ಹಳೆಯದಾಯಿತು. ಹಳೆಯ ಕಾಲಕ್ಕೂ ಅದು ಅರ್ಧ ಸತ್ಯವೇ ಆಗಿತ್ತು. ಈ ವ್ಯವಸ್ಥೆಯ ಬೇರು ಸರಕಾರದಲ್ಲಿಲ್ಲ, ಊರಿನಲ್ಲಿದೆ.

ಉದಾಹರಣೆಗೆ ಲೋಫೋಟೆನ್ ದ್ವೀಪಸಮೂಹವನ್ನೇ ತೆಗೆದುಕೊಳ್ಳುತ್ತೇನೆ. ಉತ್ತರಧ್ರುವ ವೃತ್ತದಿಂದಾಚೆ, ನೂರ್‌ಲಾಂಡ್ ಪ್ರಾಂತ್ಯಕ್ಕೆ ಸೇರಿದ ಈ ದ್ವೀಪಗಳಲ್ಲಿ ಆರು ಕೊಮ್ಯೂನ್‌ಗಳಿವೆ. ಕೊಮ್ಯೂನ್ ಎಂದರೆ ಅಲ್ಲಿನ ಸ್ಥಳೀಯ ಆಡಳಿತ ಘಟಕ. ಆರೂ ಸೇರಿ ಜನಸಂಖ್ಯೆ ಇಪ್ಪತ್ತೈದು ಸಾವಿರದ ಆಸುಪಾಸು. ತುದಿಯ ರೊಸ್ಟ್ ದ್ವೀಪದಲ್ಲಂತೂ ಐನೂರು ಜನರೂ ಇಲ್ಲ, ಆದರೂ ಅಲ್ಲಿ ಚರ್ಚ್ ಇದೆ.

ಪದಗಳ ಬಗ್ಗೆ ಒಂದು ಮಾತು. ಬಾಸೆಲ್ ಮಿಷನ್ ಕಾಲದಿಂದ ಕರಾವಳಿ ಕರ್ನಾಟಕದ ಪ್ರೊಟೆಸ್ಟೆಂಟ್ ಕ್ರೈಸ್ತರು ಬಳಸುತ್ತ ಬಂದಿರುವ ಸಭೆ, ಸಭಾಪಾಲಕ ಎಂಬ ಮಾತುಗಳು ಇಲ್ಲಿಯೂ ಚೆನ್ನಾಗಿ ಒದಗುತ್ತವೆ. ಒಂದು ಪದವನ್ನು ಮಾತ್ರ ನಾರ್ವೆಯ ರೂಪದಲ್ಲೇ ಇಟ್ಟುಕೊಳ್ಳೋಣ: ಸೊಕ್ನ್. ಒಂದು ಚರ್ಚು, ಅದರ ಸುತ್ತಲಿನ ಊರುಕೇರಿ, ಅಲ್ಲಿ ವಾಸವಾಗಿರುವ ಸದಸ್ಯರು, ಇಷ್ಟೂ ಸೇರಿದರೆ ಒಂದು ಸೊಕ್ನ್. ನೀವು ಯಾವ ಸೊಕ್ನ್‌ಗೆ ಸೇರಿದವರು ಎಂಬುದನ್ನು ನಿಮ್ಮ ಮನೆಯ ವಿಳಾಸ ನಿರ್ಧರಿಸುತ್ತದೆ. ಕಾನೂನಿನ ಕಣ್ಣಿನಲ್ಲಿ ಚರ್ಚಿನ ಕಟ್ಟಡದ ಒಡೆತನ ಈ ಸೊಕ್ನ್‌ನದು; ಬಿಷಪ್ಪರದೂ ಅಲ್ಲ, ಓಸ್ಲೋದಲ್ಲಿರುವ ಕೇಂದ್ರ ಕಚೇರಿಯದೂ ಅಲ್ಲ.

ಇದು ಹೀಗೇಕೆ ಎಂದು ತಿಳಿಯಲು ಮೀನಿನಿಂದ ಆರಂಭಿಸಬೇಕು. ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನುಗಳು ಮೊಟ್ಟೆಯಿಡಲು ಲೋಫೋಟೆನ್ ತೀರಕ್ಕೆ ಬರುತ್ತವೆ. ಅವನ್ನು ಹಿಡಿದು, ಮರದ ಚೌಕಟ್ಟುಗಳಿಗೆ ತೂಗುಹಾಕಿ, ಉಪ್ಪು ಸೋಕಿಸದೆ ಗಾಳಿಯಲ್ಲೇ ಒಣಗಿಸುತ್ತಾರೆ. ಮಧ್ಯಯುಗದಲ್ಲಿ ಈ ಒಣಮೀನು ನಾರ್ವೆಯ ದೊಡ್ಡ ರಫ್ತುಗಳಲ್ಲಿ ಒಂದು. 12ನೇ ಶತಮಾನದ ಆರಂಭದಲ್ಲಿ ದೊರೆ ಐಸ್ಟೆನ್ ಇಲ್ಲಿನ ವೋಗನ್‌ನಲ್ಲಿ ಚರ್ಚ್ ಕಟ್ಟಿಸಿದನೆಂದೂ ಹೊರಗಿನಿಂದ ಬರುವ ಮೀನುಗಾರರಿಗೆ ತಂಗುವ ಮನೆಗಳನ್ನು ಹಾಕಿಸಿದನೆಂದೂ ಹಳೆಯ ಕಥನಗಳು ಹೇಳುತ್ತವೆ. ಮೀನುಗಾರನಿಗೆ ಸೂರು, ಅದರ ಜೊತೆಗೆ ಚರ್ಚ್: ಈ ಜೋಡಿ ಅಲ್ಲಿಂದ ಮುಂದೆ ಬೇರ್ಪಡಲೇ ಇಲ್ಲ.

ಸಭೆಯ ಖರ್ಚು ನಡೆಯುತ್ತಿದ್ದದ್ದು ದಶಮಾಂಶದಿಂದ, ಅಂದರೆ ಉತ್ಪತ್ತಿಯ ಹತ್ತನೆಯ ಒಂದು ಪಾಲಿನಿಂದ. ಒಳನಾಡಿನಲ್ಲಿ ಅದು ಧಾನ್ಯ, ಇಲ್ಲಿ ಮೀನು. ಅದನ್ನು ನಾಲ್ಕು ಭಾಗ ಮಾಡಿ ಬಿಷಪ್ಪರಿಗೆ, ಚರ್ಚಿನ ಕಟ್ಟಡಕ್ಕೆ, ಪಾದ್ರಿಗೆ, ಬಡವರಿಗೆ ಹಂಚುವುದು ಕ್ರಮ. ಟ್ರೊಂಡ್‌ಹೈಮ್‌ನಲ್ಲಿದ್ದ ಆರ್ಚ್‌ಬಿಷಪ್ಪರು ಸ್ವತಃ ಒಣಮೀನಿನ ವ್ಯಾಪಾರ ಮಾಡುತ್ತಿದ್ದರು. 1537ರಲ್ಲಿ ಡೆನ್ಮಾರ್ಕ್–ನಾರ್ವೆಯ ದೊರೆ ಮೂರನೆಯ ಕ್ರಿಸ್ಟಿಯಾನ್ ಚರ್ಚನ್ನು ರೋಮಿನ ಪೋಪ್‌ನಿಂದ ಬೇರ್ಪಡಿಸಿ ಲೂಥರನ್ ಸುಧಾರಣೆಯನ್ನು ಜಾರಿಗೆ ತಂದಾಗ ಕೊನೆಯ ಆರ್ಚ್‌ಬಿಷಪ್ ಓಲಾವ್ ಎಂಗೆಲ್‌ಬ್ರೆಕ್ಟ್‌ಸನ್ ದೇಶ ಬಿಟ್ಟು ಹೋದರು. ಬಿಷಪ್ಪರ ಪಾಲಿನ ದಶಮಾಂಶ ದೊರೆಯ ಖಜಾನೆಗೆ ತಿರುಗಿತು. ಹಳ್ಳಿಯ ಮೀನುಗಾರನಿಗೆ ಮಾತ್ರ ಅದೇ ಚರ್ಚ್, ಅದೇ ದಾರಿ, ಅದೇ ಹತ್ತನೆಯ ಪಾಲು. ಮೇಲಿನ ಒಡೆಯ ಬದಲಾದ, ಸೊಕ್ನ್ ಬದಲಾಗಲಿಲ್ಲ.

ಆ ಒಡೆಯ ಒಂದು ಸಲ ಚರ್ಚುಗಳನ್ನು ಮಾರಿಯೂ ಬಿಟ್ಟ! ಸ್ವೀಡನ್ನಿನ ವಿರುದ್ಧ ನಡೆದ ಉತ್ತರದ ಮಹಾಯುದ್ಧ ಮುಗಿದಾಗ ಖಜಾನೆ ಬರಿದಾಗಿತ್ತು. 1720ರ ದಶಕದಲ್ಲಿ ದೊರೆ ನಾಲ್ಕನೆಯ ಫ್ರೆಡರಿಕ್ ನಾರ್ವೆಯ ಚರ್ಚುಗಳನ್ನು, ಅವುಗಳ ಆದಾಯದ ಹಕ್ಕಿನ ಸಮೇತ, ಖಾಸಗಿಯವರಿಗೆ ಮಾರಿದ. ಕೊಂಡವರು ಬಹುಪಾಲು ವ್ಯಾಪಾರಿಗಳು, ಅಧಿಕಾರಿಗಳು. ಅವನ್ನೆಲ್ಲ ಊರುಗಳು ಮರಳಿ ಪಡೆಯಲು 19ನೇ ಶತಮಾನವೇ ಬರಬೇಕಾಯಿತು. ಊರಿನ ಹಣದಿಂದ ಎರಡನೆಯ ಸಲ ಕೊಂಡುಕೊಂಡ ಚರ್ಚು ಊರಿನದಲ್ಲದೆ ಇನ್ನಾರದು?

ಸ್ಥಳೀಯ ಆಡಳಿತವಂತೂ ಚರ್ಚಿನ ಒಡಲಿನಿಂದಲೇ ಹುಟ್ಟಿತು. 1837ರ ಕಾನೂನು ನಾರ್ವೆಯಲ್ಲಿ ಚುನಾಯಿತ ಸ್ಥಳೀಯ ಆಡಳಿತವನ್ನು ಆರಂಭಿಸಿದಾಗ ಹೊಸ ಗಡಿಗಳನ್ನು ಎಳೆಯುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಒಬ್ಬ ಪಾದ್ರಿಯ ವ್ಯಾಪ್ತಿ ಎಲ್ಲಿಯವರೆಗೋ ಬಹುಮಟ್ಟಿಗೆ ಕೊಮ್ಯೂನ್ ಅಲ್ಲಿಯವರೆಗೆ. ಲೋಫೋಟೆನ್‌ನ ಬುಕ್ಸ್‌ನೆಸ್, ಬೋರ್ಗೆ, ಹೋಲ್, ವಾಲ್‌ಬೆರ್ಗ್ ಎಂಬ ನಾಲ್ಕು ಕೊಮ್ಯೂನ್‌ಗಳು 1963ರಲ್ಲಿ ಒಂದಾಗಿ ವೆಸ್ಟ್‌ವೋಗೊಯ್ ಆದವು. ಆಡಳಿತದ ಪಟ್ಟಿಯಿಂದ ಅಳಿಸಿಹೋದ ಆ ನಾಲ್ಕೂ ಹೆಸರುಗಳು ಇಂದಿಗೂ ಚರ್ಚುಗಳ ಹೆಸರಾಗಿ ಉಳಿದಿವೆ.

ಇನ್ನು, ಇಷ್ಟು ಕಡಿಮೆ ಜನರಿಗೆ ಇಷ್ಟು ದೊಡ್ಡ ಕಟ್ಟಡಗಳೇಕೆ? ಒಂದು ಕಾರಣ 1851ರ ಕಾಯಿದೆ. ಸೊಕ್ನ್‌ನ ಜನಸಂಖ್ಯೆಯ ಹತ್ತರಲ್ಲಿ ಮೂರು ಪಾಲು ಜನ ಕೂರುವಷ್ಟು ಜಾಗ ಚರ್ಚಿನಲ್ಲಿರಬೇಕು ಎಂದು ಅದು ವಿಧಿಸಿತು. ಜನಸಂಖ್ಯೆ ಏರುತ್ತಿದ್ದ ಕಾಲವದು. ದೇಶದ ತುಂಬ ಹಳೆಯ ಚಿಕ್ಕ ಚರ್ಚುಗಳನ್ನು ಕೆಡವಿ ದೊಡ್ಡವನ್ನು ಕಟ್ಟಿದರು. ಆ ಭರದಲ್ಲಿ ಮಧ್ಯಯುಗದ ಎಷ್ಟೋ ಮರದ ಚರ್ಚುಗಳು ನೆಲಸಮವಾದದ್ದು ತುಂಬಲಾರದ ನಷ್ಟ. ಇನ್ನೊಂದು ಕಾರಣ ಮತ್ತೆ ಮೀನು. ಕಾಬೆಲ್‌ವೋಗ್ ಪಟ್ಟಣದ ಅಂಚಿನಲ್ಲಿರುವ ವೋಗನ್ ಚರ್ಚ್ 1898ರದು. ಹಳದಿ ಬಣ್ಣದ ಮರದ ಕಟ್ಟಡ, 1,200 ಆಸನ. ಜನ ಅದನ್ನು ಪ್ರೀತಿಯಿಂದ 'ಲೋಫೋಟೆನ್‌ನ ಕೆಥೆಡ್ರಲ್', ಅಂದರೆ ಬಿಷಪ್ಪರ ಚರ್ಚ್, ಎಂದು ಕರೆದರೂ ಅದು ಬಿಷಪ್ಪರ ಪೀಠವಲ್ಲ, ಒಂದು ಸೊಕ್ನ್‌ನ ಚರ್ಚು ಅಷ್ಟೆ. ಆ 1,200 ಆಸನಗಳು ಊರಿನವರ ಲೆಕ್ಕವಲ್ಲ. ಚಳಿಗಾಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ದೋಣಿ ಹತ್ತಿ ಬರುತ್ತಿದ್ದ ಹೊರಗಿನ ಮೀನುಗಾರರ ಲೆಕ್ಕ. ಭಾನುವಾರ ಬಲೆ ಇಳಿಸದೆ ಪ್ರಾರ್ಥನೆಗೆ ಬಂದವರಿಗೆ ಜಾಗ ಬೇಕಿತ್ತು.

ಫ್ಲಾಕ್‌ಸ್ಟಾಡ್‌ನ ಕೆಂಪು ಚರ್ಚ್ ನನಗೆ ಇವೆಲ್ಲಕ್ಕಿಂತ ಅಚ್ಚುಮೆಚ್ಚು. 1780ರಲ್ಲಿ ಕಟ್ಟಿದ್ದು, ನೆತ್ತಿಯ ಮೇಲೆ ಈರುಳ್ಳಿಯಾಕಾರದ ಗುಮ್ಮಟ. ದೊಡ್ಡ ಮರ ಬೆಳೆಯದ ಆ ದ್ವೀಪದಲ್ಲಿ ಸೈಬೀರಿಯಾದ ಕಡೆಯಿಂದ ಸಮುದ್ರದಲ್ಲಿ ತೇಲಿಬಂದ ದಿಮ್ಮಿಗಳನ್ನು ಬಳಸಿದರು ಎಂಬುದು ಅಲ್ಲಿನವರ ಮಾತು. ವ್ಯಾರೊಯ್ ದ್ವೀಪದ ಹಳೆಯ ಚರ್ಚಿನ ಕಥೆಯೂ ಹೀಗೇ ಸೊಗಸು: ಅದು ಮೊದಲು ಇದ್ದದ್ದು ವೋಗನ್‌ನಲ್ಲಿ. 18ನೇ ಶತಮಾನದ ಕೊನೆಗೆ ಅದನ್ನು ಬಿಚ್ಚಿ, ಸಮುದ್ರ ದಾಟಿಸಿ, ವ್ಯಾರೊಯ್‌ನಲ್ಲಿ ಮತ್ತೆ ನಿಲ್ಲಿಸಿದರು. ಮರದ ಚರ್ಚುಗಳಿಗೆ ಬೆಂಕಿಯ ಭಯವೂ ಇದ್ದೇ ಇದೆ. ಬೋರ್ಗೆಯ ಈಗಿನ ಆಧುನಿಕ ಚರ್ಚ್ 1987ರದು. ಅದಕ್ಕೆ ಮೊದಲಿನದು ಸುಟ್ಟುಹೋಯಿತು.

ಈಗ ಇಂದಿನ ಆಡಳಿತಕ್ಕೆ ಬರೋಣ. ಪ್ರತಿ ಸೊಕ್ನ್‌ಗೂ ಸದಸ್ಯರೇ ಆರಿಸಿದ ಮಂಡಳಿ ಇದೆ. ನಾಲ್ಕು ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಸ್ಥಳೀಯ ಆಡಳಿತದ ಚುನಾವಣೆಯ ಹೊತ್ತಿಗೇ ಚರ್ಚಿನ ಚುನಾವಣೆಯೂ ನಡೆಯುತ್ತದೆ. ದೇಶದ ಚುನಾವಣೆಯಲ್ಲಿ ಮತ ಹಾಕಲು 18 ವರ್ಷವಾಗಿರಬೇಕು, ಚರ್ಚಿನದಕ್ಕೆ 15 ಸಾಕು. ಸಭಾಪಾಲಕರು ಮಂಡಳಿಯಲ್ಲಿ ಹುದ್ದೆಯ ಬಲದಿಂದ ಕೂರುತ್ತಾರೆ, ಆದರೆ ಯಜಮಾನರಾಗಿ ಅಲ್ಲ.

ಒಂದು ಕೊಮ್ಯೂನಿನಲ್ಲಿ ಹಲವು ಸೊಕ್ನ್‌ಗಳಿದ್ದರೆ ಅವೆಲ್ಲ ಸೇರಿ ಜಂಟಿ ಮಂಡಳಿ ರಚಿಸುತ್ತವೆ. ಪ್ರತಿ ಸೊಕ್ನ್‌ನ ಪ್ರತಿನಿಧಿ, ಕೊಮ್ಯೂನ್ ಕಳಿಸಿದ ಒಬ್ಬರು, ಬಿಷಪ್ಪರು ನೇಮಿಸಿದ ಒಬ್ಬ ಪಾದ್ರಿ ಅದರಲ್ಲಿರುತ್ತಾರೆ. ಕಟ್ಟಡಗಳ ನಿರ್ವಹಣೆ, ಸ್ಮಶಾನ, ಆರ್ಗನ್ ವಾದಕರ ಮತ್ತು ಚರ್ಚಿನ ಸೇವಕರ ನೇಮಕ, ಎಲ್ಲ ಇದರ ಕೈಯಲ್ಲಿ. ದಿನನಿತ್ಯದ ವ್ಯವಹಾರ ನೋಡಿಕೊಳ್ಳುವ ಅಧಿಕಾರಿಯನ್ನು 'ಶಿರ್ಕೆವೆರ್ಗೆ' ಎನ್ನುತ್ತಾರೆ, ಚರ್ಚಿನ ಪಾಲಕ ಎಂದರ್ಥ. ಸಂಬಳ, ಬಣ್ಣ, ಹೀಟರು, ಗಂಟೆಯ ಹಗ್ಗ, ಯಾವುದಕ್ಕೆ ಕೇಳಬೇಕಾದರೂ ಇವರನ್ನೇ ಕೇಳಬೇಕು.

ಸಭಾಪಾಲಕರು ಮಾತ್ರ ಈ ಮಂಡಳಿಯ ನೌಕರರಲ್ಲ. ಅವರು ರಾಷ್ಟ್ರಮಟ್ಟದ ನಾರ್ವೆ ಚರ್ಚಿನ ನೌಕರರು. ಅವರ ಮೇಲೆ 'ಪ್ರೋಸ್ಟ್' ಎಂಬ ಹಿರಿಯ ಪಾದ್ರಿ, ಪ್ರೋಸ್ಟ್ ಮೇಲೆ ಬಿಷಪ್. ದೇಶದಲ್ಲಿ 11 ಬಿಷಪ್ ಪ್ರಾಂತ್ಯಗಳಿವೆ. ಲೋಫೋಟೆನ್ ಸೇರಿರುವುದು ದಕ್ಷಿಣ ಹೋಲೋಗಲಾಂಡ್‌ಗೆ, ಅದರ ಪೀಠ ಬೂಡೊ ಪಟ್ಟಣದಲ್ಲಿ. 1804ರಲ್ಲಿ ಉತ್ತರ ನಾರ್ವೆಗೆಂದು ರಚನೆಯಾದ ಪ್ರಾಂತ್ಯ 1952ರಲ್ಲಿ ಎರಡಾದಾಗ ಇದು ಹುಟ್ಟಿತು. ಹೀಗೆ ಒಂದೇ ಆರಾಧನೆಯಲ್ಲಿ ಬೋಧಿಸುವವರಿಗೆ ಒಬ್ಬ ಮಾಲೀಕ, ಆರ್ಗನ್ ನುಡಿಸುವವರಿಗೆ ಇನ್ನೊಬ್ಬ ಮಾಲೀಕ. ಈ ಇಬ್ಬಗೆಯ ಬಗ್ಗೆ ಅಲ್ಲಿ ದಶಕಗಳಿಂದ ಚರ್ಚೆ ಇದೆ. ನನಗಂತೂ ಇದರಲ್ಲಿ ತೊಡಕಿಗಿಂತ ರಕ್ಷಣೆ ಹೆಚ್ಚಾಗಿ ಕಾಣುತ್ತದೆ: ಬಿಷಪ್ಪರು ಊರಿನ ಚರ್ಚನ್ನು ಮಾರಲಾರರು, ಊರಿನ ಪ್ರಮುಖರು ತಮಗೆ ಹಿಡಿಸದ ಬೋಧನೆಗಾಗಿ ಪಾದ್ರಿಯನ್ನು ಮನೆಗೆ ಕಳಿಸಲಾರರು.

ಈ ಎರಡು ಎಳೆಗಳು ಬೇರೆ ಬೇರೆ ಎಂಬುದನ್ನು ಇತಿಹಾಸ ಒಮ್ಮೆ ಬಹಳ ಕಠಿಣವಾಗಿ ಪರೀಕ್ಷಿಸಿತು. ಜರ್ಮನರು ನಾರ್ವೆಯನ್ನು ಆಕ್ರಮಿಸಿದ್ದ ಕಾಲದಲ್ಲಿ, 1942ರ ಈಸ್ಟರ್ ದಿನ, ಚರ್ಚಿನ ಬುನಾದಿಯನ್ನು ಸಾರುವ ಹೇಳಿಕೆಯೊಂದನ್ನು ಚರ್ಚುಗಳಲ್ಲಿ ಓದಲಾಯಿತು. ಬಹುಪಾಲು ಪಾದ್ರಿಗಳು ನಾಜಿ ಪರ ಸರಕಾರದ ಅಡಿಯ ತಮ್ಮ ಸರಕಾರಿ ಹುದ್ದೆಗೆ ರಾಜೀನಾಮೆ ಕೊಟ್ಟರು, ಸಭೆಯ ಸೇವೆಯನ್ನು ಮಾತ್ರ ಬಿಡಲಿಲ್ಲ. ಸರಕಾರದ ಸಂಬಳ ನಿಂತಾಗ ಅವರನ್ನು ಸಭೆಯ ಜನ ಪೋಷಿಸಿದರು.

ಕಾನೂನು ಆ ದಿಕ್ಕಿಗೆ ಹೊರಳಲು ಇನ್ನೂ 70 ವರ್ಷ ಹಿಡಿಯಿತು. 2012ರ ಸಂವಿಧಾನ ತಿದ್ದುಪಡಿ ಚರ್ಚಿನ ಮೇಲಿನ ದೊರೆಯ ಹಿಡಿತವನ್ನು ತೆಗೆಯಿತು. ಬಿಷಪ್ಪರ ನೇಮಕ ಚರ್ಚಿಗೇ ಬಂತು. 2017ರ ಜನವರಿ 1ರಂದು ಚರ್ಚ್ ಪ್ರತ್ಯೇಕ ಕಾನೂನು ಸಂಸ್ಥೆಯಾಯಿತು, ಪಾದ್ರಿಗಳು ಸರಕಾರಿ ನೌಕರರಾಗಿ ಉಳಿಯಲಿಲ್ಲ. ಆದರೂ ಸಂವಿಧಾನ ಅದನ್ನು 'ಜನರ ಚರ್ಚ್' ಎಂದು ಕರೆದು ರಾಷ್ಟ್ರದ ಬೆಂಬಲವನ್ನು ಉಳಿಸಿಕೊಂಡಿದೆ. ಜನಸಂಖ್ಯೆಯಲ್ಲಿ ಶೇಕಡ 60ಕ್ಕೂ ಹೆಚ್ಚು ಮಂದಿ ಇಂದಿಗೂ ಅದರ ಸದಸ್ಯರು.

ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಸದಸ್ಯರು ಚರ್ಚಿಗೆಂದು ಪ್ರತ್ಯೇಕ ಹಣ ತೆರುತ್ತಾರೆ. ನಾರ್ವೆಯಲ್ಲಿ ಹಾಗಿಲ್ಲ, ಸಾಮಾನ್ಯ ತೆರಿಗೆಯಿಂದಲೇ ಖರ್ಚು. ಹಾಗಾದರೆ ಬೇರೆ ಧರ್ಮದವರಿಗೆ ಅನ್ಯಾಯವಲ್ಲವೇ ಎಂದು ಕೇಳಬಹುದು. ಉಳಿದ ನೋಂದಾಯಿತ ಧಾರ್ಮಿಕ ಸಮುದಾಯಗಳಿಗೂ ಸದಸ್ಯರ ಸಂಖ್ಯೆಗೆ ತಕ್ಕಂತೆ ಅನುದಾನ ಇದೆ. 2021ರಿಂದ ಜಾರಿಯಲ್ಲಿರುವ ಕಾಯಿದೆಯಂತೆ ಕನಿಷ್ಠ 50 ಸದಸ್ಯರಿರಬೇಕು. ಅಲ್ಲಿ ನೆಲೆಸಿರುವ ಭಾರತೀಯರ ಹಿಂದೂ ಸಂಘಗಳಿಗೂ ಇದೇ ದಾರಿ ತೆರೆದಿದೆ.

ಕರಾವಳಿಯ ಸಭಾಪಾಲಕರ ಬದುಕನ್ನು ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ. ಒಬ್ಬ ಪಾದ್ರಿಗೆ ಹಲವು ಚರ್ಚು, ನಡುವೆ ಸಮುದ್ರ. ರಸ್ತೆ, ಸೇತುವೆಗಳು ಬರುವ ತನಕ ತೆರೆದ ದೋಣಿಯೇ ಗತಿ, ಹುಟ್ಟು ಹಾಕುವವರು ಊರಿನವರು. ಲೋಫೋಟೆನ್‌ನ ದಕ್ಷಿಣಕ್ಕೆ ಅಲ್ಸ್ಟಾಹೌಗ್‌ನಲ್ಲಿ 1689ರಿಂದ 1707ರವರೆಗೆ ಪಾದ್ರಿಯಾಗಿದ್ದ ಕವಿ ಪೆಟರ್ ದಾಸ್ ಈ ಕರಾವಳಿಯ ಮೀನು, ಬಿರುಗಾಳಿ, ಜನರ ಮೇಲೆ ದೀರ್ಘ ಕಾವ್ಯವನ್ನೇ ಬರೆದ. ಅವನು ತೀರಿಕೊಂಡ ಮೇಲೆ ನೂರ್‌ಲಾಂಡಿನ ದೋಣಿಗಳು ಹಾಯಿಗೆ ಕಪ್ಪು ಬಟ್ಟೆಯ ತುಂಡು ಹೊಲಿದುಕೊಂಡು ತಲೆಮಾರುಗಳವರೆಗೆ ಶೋಕ ಆಚರಿಸಿದವು ಎನ್ನುತ್ತಾರೆ. ನಾರ್ವೆಯ ಮೊದಲ ಮಹಿಳಾ ಪಾದ್ರಿ ಇಂಗ್ರಿಡ್ ಬ್ಯೆರ್ಕೋಸ್ 1961ರಲ್ಲಿ ದೀಕ್ಷೆ ಪಡೆದು ಹೋದದ್ದೂ ಇದೇ ಉತ್ತರದ ಕಡಲಿಗೆ, ಸೆನ್ಯಾ ದ್ವೀಪದ ಮೀನುಗಾರರ ಹಳ್ಳಿಗಳಿಗೆ.

ಪ್ರಶ್ನೆಯ ಬೆನ್ನಿಗೇ ಹಲವರು ಕೇಳುವ ಇನ್ನೊಂದು ಮಾತು: ಸದಸ್ಯರಲ್ಲದವರು ಸತ್ತರೆ? ಚರ್ಚಿನ ಸುತ್ತಲಿನ ಸ್ಮಶಾನವನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ ಅದೇ ಜಂಟಿ ಮಂಡಳಿಯಾದರೂ ಅದು ಸಾರ್ವಜನಿಕ ಸ್ಮಶಾನ. ಆ ಕೊಮ್ಯೂನಿನಲ್ಲಿ ವಾಸವಾಗಿದ್ದವರು ಯಾವ ಧರ್ಮದವರಾಗಿರಲಿ, ಯಾವ ಧರ್ಮವನ್ನೂ ಒಪ್ಪದವರಾಗಿರಲಿ, ಅವರಿಗೆ ಅಲ್ಲಿ 20 ವರ್ಷ ಶುಲ್ಕವಿಲ್ಲದೆ ಜಾಗ ಸಿಗುತ್ತದೆ. ಆಮೇಲೆ ಕುಟುಂಬದವರು ಬಾಡಿಗೆ ಕೊಟ್ಟು ಆ ಸಮಾಧಿಯನ್ನು ಮುಂದೆ ಉಳಿಸಿಕೊಳ್ಳಬಹುದು.